ಮೂಡ್ ಇಲ್ಲದ ದಿನದ ಕರಾಟೆ

ಕರಾಟೆ ಕಲೀತಿದೀನಿ ಅಂತ ಕ್ಯಾಂಪಸ್ಸಲ್ಲಿ ಯಾರಿಗಾದ್ರೂ ಹೇಳಿದ್ರೆ ಮೂರು ಪ್ರಶ್ನೆ ಬರೋದು ಗ್ಯಾರಂಟಿ. ಇಟ್ಟಿಗೆ ಒಡೀತೀಯಾ? ಯಾವ ಬೆಲ್ಟು? ಆಮೇಲೆ ಸ್ವಲ್ಪ ಹೊತ್ತು ಬಿಟ್ಟು ನಿಜವಾದ ಪ್ರಶ್ನೆ ಬರತ್ತೆ: ಲ್ಯಾಬ್ ರೆಕಾರ್ಡು, ಇಂಟರ್ನಲ್ಸು, ಇದರ ಮಧ್ಯ ಪ್ರಾಕ್ಟೀಸಿಗೆ ಮೋಟಿವೇಷನ್ ಎಲ್ಲಿಂದ ತರ್ತೀಯಾ? ಮೂರನೆಯದಕ್ಕೆ ನನ್ನ ಉತ್ತರ, ತರಲ್ಲ. ಯಾಕೆ ತರಬೇಕಾಗಿಲ್ಲ ಅಂತ ಹೇಳೋಕೇ ಈ ಲೇಖನ. ಆದ್ರೆ ನಾವೆಲ್ಲ ಇಂಜಿನಿಯರಿಂಗ್ ಓದೋರು, ನಮ್ಮ ಗಮನ ಮೊದಲು ಹೋಗೋದು ಇಟ್ಟಿಗೆ ಕಡೆಗೇ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

1979ರ ಏಪ್ರಿಲ್ ತಿಂಗಳ 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆಯಲ್ಲಿ ಕರಾಟೆಯ ಫಿಸಿಕ್ಸ್ ಬಗ್ಗೆ ಒಂದು ಲೇಖನ ಬಂದಿತ್ತು. ಬರೆದವರು ಮೂವರು: ಮೈಕಲ್ ಫೆಲ್ಡ್, ರೊನಾಲ್ಡ್ ಮೆಕ್‌ನೇರ್, ಸ್ಟೀಫನ್ ವಿಲ್ಕ್. ಸ್ಟ್ರೋಬ್ ಲೈಟಿನಲ್ಲಿ ಫೋಟೋ ತೆಗೆದು, ಹೊಡೆಯೋ ಕೈ ಎಷ್ಟು ವೇಗವಾಗಿ ಹೋಗತ್ತೆ ಅಂತ ಅವರು ಅಳೆದರು. ಮುಷ್ಟಿಯನ್ನ ಸುತ್ತಿಗೆ ಥರ ಮೇಲಿಂದ ಕೆಳಗೆ ಬೀಸಿದಾಗ ಸೆಕೆಂಡಿಗೆ 10ರಿಂದ 14 ಮೀಟರ್. ನೇರ ಪಂಚ್ ಅದಕ್ಕಿಂತ ನಿಧಾನ, ಸುಮಾರು 6ರಿಂದ 10 ಮೀಟರ್.

ಈಗ ನಾವೇ ಒಂದು ಲೆಕ್ಕ ಮಾಡೋಣ. ವೇಗ 12 ಮೀಟರ್ ಅಂತ ಇಟ್ಕೊಳ್ಳಿ, ಗಂಟೆಗೆ 43 ಕಿಲೋಮೀಟರ್. ಕೈಯ ತೂಕ 0.7 ಕಿಲೋ. ಕೈನೆಟಿಕ್ ಎನರ್ಜಿ ಎಷ್ಟು? ಸುಮಾರು 50 ಜೂಲ್. ಕೇಳೋಕೆ ದೊಡ್ಡದು ಅನ್ನಿಸಬಹುದು. ಆದರೆ 5 ಕಿಲೋ ಅಕ್ಕಿ ಚೀಲವನ್ನ ನೆಲದಿಂದ ಒಂದು ಮೀಟರ್ ಎತ್ತಿ ಕಟ್ಟೆ ಮೇಲೆ ಇಟ್ರೆ ಅಷ್ಟೇ ಎನರ್ಜಿ ಖರ್ಚಾಗತ್ತೆ. ಅದನ್ನ ನಮ್ಮ ಅಜ್ಜಿ ದಿನಾ ಮಾಡ್ತಾರೆ, ಯಾರೂ ಚಪ್ಪಾಳೆ ಹೊಡೆಯಲ್ಲ.

ಹಾಗಾದ್ರೆ ಒಡೆಯೋದು ಏನು? ಸಮಯ. ಆ ಕೈ 5 ಮಿಲಿಸೆಕೆಂಡಲ್ಲಿ ನಿಂತರೆ ಸರಾಸರಿ ಬಲ 1680 ನ್ಯೂಟನ್, ಅಂದರೆ 170 ಕಿಲೋ ತೂಕದಷ್ಟು. ಅದೇ ಕೈ ದಪ್ಪ ಸ್ಪಂಜಿನ ಪ್ಯಾಡಿಗೆ ಬಡಿದು 50 ಮಿಲಿಸೆಕೆಂಡಲ್ಲಿ ನಿಂತರೆ ಹತ್ತನೇ ಒಂದು ಭಾಗ, 17 ಕಿಲೋ. ಎನರ್ಜಿ ಒಂದೇ, ಕೈ ಒಂದೇ, ವ್ಯತ್ಯಾಸ ಆಗಿದ್ದು ನಿಂತ ರೀತಿಯಲ್ಲಿ ಮಾತ್ರ. ಜೊತೆಗೆ ಕರಾಟೆಯಲ್ಲಿ ಮುಷ್ಟಿಯ ಪೂರ್ತಿ ಮುಖದಿಂದ ಹೊಡೆಯಲ್ಲ, ತೋರುಬೆರಳು ಮತ್ತು ನಡುಬೆರಳಿನ ಬುಡದ ಎರಡು ಗೆಣ್ಣು ಮಾತ್ರ ತಾಗಬೇಕು. ವಿಸ್ತೀರ್ಣ ಕಮ್ಮಿ, ಒತ್ತಡ ಜಾಸ್ತಿ.

ಸಿವಿಲ್‌ನವರಿಗೆ ಇನ್ನೂ ಬೇಗ ಅರ್ಥ ಆಗತ್ತೆ. ಕಾಂಕ್ರೀಟ್ ಬ್ಲಾಕನ್ನ ಎರಡು ತುದಿಗೆ ಆಧಾರ ಕೊಟ್ಟು ಇಟ್ಟು ಮಧ್ಯಕ್ಕೆ ಹೊಡೆದರೆ ಅದು ಸಿಂಪ್ಲಿ ಸಪೋರ್ಟೆಡ್ ಬೀಮ್. ಕೆಳಗಿನ ಮೈ ಟೆನ್ಷನ್‌ನಲ್ಲಿರತ್ತೆ, ಕಾಂಕ್ರೀಟ್ ಟೆನ್ಷನ್ ತಡೆಯಲ್ಲ, ಅದಕ್ಕೇ ಅಲ್ವಾ ನಾವು ಕಬ್ಬಿಣ ಹಾಕೋದು. ಬಿರುಕು ಕೆಳಗಿಂದ ಶುರುವಾಗಿ ಮೇಲೆ ಬರತ್ತೆ. ಬಾಗೋ ವಿಷಯದಲ್ಲಿ ನಮ್ಮ ಮೂಳೆ ಕಾಂಕ್ರೀಟಿಗಿಂತ ಎಷ್ಟೋ ಪಟ್ಟು ಗಟ್ಟಿ. ಹಾಗಂತ ಹಾಸ್ಟೆಲ್ ಗೋಡೆಗೆ ಹೊಡೆಯೋಕೆ ಹೋಗಬೇಡಿ. ಗೋಡೆ ಬಾಗಲ್ಲ, ಬಾಗೋದು ನಿಮ್ಮ ಮಣಿಕಟ್ಟು.

ಆ ಲೇಖನ ಬರೆದವರಲ್ಲಿ ರೊನಾಲ್ಡ್ ಮೆಕ್‌ನೇರ್ ಬಗ್ಗೆ ಇನ್ನೆರಡು ಮಾತು ಹೇಳಲೇಬೇಕು. 1976ರಲ್ಲಿ ಎಂಐಟಿಯಿಂದ ಲೇಸರ್ ಫಿಸಿಕ್ಸ್‌ನಲ್ಲಿ ಪಿಎಚ್‌ಡಿ ಮಾಡಿದ, ಕರಾಟೆಯಲ್ಲಿ ಬ್ಲ್ಯಾಕ್ ಬೆಲ್ಟ್ ಆಗಿದ್ದ ಮನುಷ್ಯ. ಪಿಎಚ್‌ಡಿ ಮಾಡೋವಾಗ ಎರಡು ವರ್ಷದ ಡೇಟಾ ಕಳೆದುಹೋಯ್ತು. ಮತ್ತೆ ಮೊದಲಿಂದ ಕೂತು ಒಂದು ವರ್ಷದೊಳಗೆ ಎಲ್ಲ ಪ್ರಯೋಗ ಮುಗಿಸಿದರು. ಆಮೇಲೆ ನಾಸಾ ಸೇರಿ ಗಗನಯಾತ್ರಿ ಆದರು, 1984ರಲ್ಲಿ ಒಮ್ಮೆ ಬಾಹ್ಯಾಕಾಶಕ್ಕೆ ಹೋಗಿಬಂದರು. 1986ರ ಜನವರಿ 28ರಂದು ಚಾಲೆಂಜರ್ ನೌಕೆ ಸ್ಫೋಟವಾದಾಗ ಅದರಲ್ಲಿದ್ದ ಏಳು ಜನರಲ್ಲಿ ಅವರೂ ಒಬ್ಬರು. ಒಂದು ಪೆನ್‌ಡ್ರೈವ್ ಕಳೆದುಹೋದ್ರೆ ಪ್ರಾಜೆಕ್ಟೇ ಬಿಡೋ ಮಾತಾಡ್ತೀವಿ ನಾವು. ಎರಡು ವರ್ಷದ ಕೆಲಸ ಹೋದಾಗ ಆ ಮನುಷ್ಯನಿಗೆ ಮರುದಿನ ಬೆಳಿಗ್ಗೆ ಒಳ್ಳೆ ಮೂಡ್ ಇತ್ತು ಅಂತ ನನಗಂತೂ ಅನ್ನಿಸಲ್ಲ.

ಇಟ್ಟಿಗೆ ವಿಷಯ ಇಲ್ಲಿಗೆ ಸಾಕು, ಯಾಕಂದ್ರೆ ಕರಾಟೆಯ ಕಷ್ಟದ ಕೆಲಸ ಒಡೆಯೋದಲ್ಲ, ನಿಲ್ಲಿಸೋದು. ಎದುರಿಗಿರೋ ಗೆಳೆಯನ ಮೂಗಿನ ಹತ್ತಿರ ಪೂರ್ತಿ ವೇಗದಲ್ಲಿ ಮುಷ್ಟಿ ಹೋಗಬೇಕು, ಮುಟ್ಟೋಕೆ ಮುಂಚೆ ನಿಲ್ಲಬೇಕು. ಬೈಕ್ ಓಡಿಸೋರಿಗೆ ಗೊತ್ತು, ಆಕ್ಸಿಲರೇಟರ್ ಯಾರು ಬೇಕಾದ್ರೂ ತಿರುಗಿಸಬಹುದು, ಬ್ರೇಕ್ ಮೇಲೆ ಹಿಡಿತ ಬರೋಕೆ ಟೈಮ್ ಬೇಕು. ಕೈ ಮುಂದೆ ತಳ್ಳೋ ಸ್ನಾಯು ಬೇರೆ, ಅದನ್ನ ತಡೆಯೋ ಸ್ನಾಯು ಬೇರೆ. ಎರಡನೆಯದಕ್ಕೆ ಸರಿಯಾದ ಕ್ಷಣ ಕಲಿಸೋಕೆ ಸಾವಿರಾರು ಸಲ ಹೊಡೀಬೇಕು.

ಇದಕ್ಕೆ ಒಂದು ಉದಾಹರಣೆ ಟೋಕಿಯೋ ಒಲಿಂಪಿಕ್ಸ್. ಕರಾಟೆ ಒಲಿಂಪಿಕ್ಸಿಗೆ ಮೊದಲ ಸಲ ಬಂದಿದ್ದೇ ಅಲ್ಲಿ, 2021ರಲ್ಲಿ. ಪ್ಯಾರಿಸಲ್ಲಿ ಇರಲಿಲ್ಲ. 75 ಕಿಲೋ ಮೇಲ್ಪಟ್ಟ ಪುರುಷರ ಫೈನಲ್‌ನಲ್ಲಿ ಸೌದಿ ಅರೇಬಿಯಾದ ತಾರೆಗ್ ಹಮೇದಿ, ಇರಾನಿನ ಸಜಾದ್ ಗಂಜ್‌ಜಾದೆ ವಿರುದ್ಧ ಪಾಯಿಂಟ್ಸಲ್ಲಿ ಮುಂದಿದ್ದ. ಆಗ ಹಮೇದಿಯ ಒಂದು ಒದೆತ ಎದುರಾಳಿಯ ತಲೆಗೆ ಜೋರಾಗಿ ಬಿತ್ತು. ಗಂಜ್‌ಜಾದೆ ಪ್ರಜ್ಞೆ ತಪ್ಪಿ ಬಿದ್ದ, ಸ್ಟ್ರೆಚರಲ್ಲಿ ಹೊತ್ಕೊಂಡು ಹೋದರು. ಹಮೇದಿ ಡಿಸ್‌ಕ್ವಾಲಿಫೈ ಆದ, ಚಿನ್ನ ಬಿದ್ದವನಿಗೆ ಹೋಯ್ತು. ಅಲ್ಲಿಯವರೆಗೆ ಸೌದಿಗೆ ಒಂದೂ ಒಲಿಂಪಿಕ್ ಚಿನ್ನ ಬಂದಿರಲಿಲ್ಲ. ಇದು ಅನ್ಯಾಯ ಅಂತ ತುಂಬ ಜನ ಕೂಗಾಡಿದರು. ಬಾಕ್ಸಿಂಗ್ ನೋಡಿ ಬೆಳೆದವರಿಗೆ ಹಾಗೆ ಅನ್ನಿಸೋದು ಸಹಜ. ನನ್ನ ಪ್ರಕಾರ ರೂಲ್ ಸರಿಯಾಗಿದೆ. ಹೊಡೆತ ಬಲವಾಗಿತ್ತು ಅನ್ನೋದ್ರಲ್ಲಿ ಯಾರಿಗೂ ಅನುಮಾನ ಇರಲಿಲ್ಲ, ನಿಲ್ಲಿಸೋಕೆ ಬರತ್ತಾ ಅನ್ನೋದೇ ಅಲ್ಲಿ ಪರೀಕ್ಷೆ ಆಗಿತ್ತು.

ಬೆಲ್ಟಿನ ಪ್ರಶ್ನೆಗೆ ಚಿಕ್ಕ ಉತ್ತರ ಸಾಕು. ಬೆಲ್ಟ್ ಪದ್ಧತಿ ಕರಾಟೆಯದ್ದೇ ಅಲ್ಲ. ಜೂಡೋ ಹುಟ್ಟುಹಾಕಿದ ಜಿಗೊರೊ ಕಾನೊ ಅವರಿಂದ ಬಂದಿದ್ದು, ಬಿಳಿ ಯೂನಿಫಾರ್ಮೂ ಅಲ್ಲಿಂದಲೇ. ಒಕಿನಾವಾ ದ್ವೀಪದ ಕರಾಟೆಯನ್ನ 1922ರಲ್ಲಿ ಟೋಕಿಯೋಗೆ ತಂದು ತೋರಿಸಿದ ಗಿಚಿನ್ ಫುನಾಕೋಶಿ, ಎರಡು ವರ್ಷ ಬಿಟ್ಟು 1924ರಲ್ಲಿ ತಮ್ಮ ಶಿಷ್ಯರಿಗೆ ಮೊದಲ ಸಲ ಬ್ಲ್ಯಾಕ್ ಬೆಲ್ಟ್ ಕೊಟ್ಟರು. ಅದಕ್ಕೂ ಮುಂಚೆ ಎಷ್ಟೋ ತಲೆಮಾರು ಬೆಲ್ಟೇ ಇಲ್ಲದೆ ಕಲಿತಿದ್ದರು. ಮೊದಲ ಬ್ಲ್ಯಾಕ್ ಬೆಲ್ಟಿಗೆ 'ಶೋದಾನ್' ಅಂತಾರೆ, ಅರ್ಥ ಆರಂಭದ ಮೆಟ್ಟಿಲು. ನಮ್ಮಲ್ಲಿ ಅದನ್ನ ಡಿಗ್ರಿ ಸರ್ಟಿಫಿಕೇಟ್ ಥರ ಫ್ರೇಮ್ ಹಾಕಿಸ್ತಾರೆ. ಮೂರು ತಿಂಗಳಿಗೊಂದು ಎಕ್ಸಾಮ್, ಎಕ್ಸಾಮಿಗೊಂದು ಫೀಸ್, ಫೀಸಿಗೊಂದು ಬಣ್ಣ ಅನ್ನೋ ಕಡೆ ಸೇರೋಕೆ ಮುಂಚೆ ಒಂದು ವಾರ ಬರೀ ಕೂತು ನೋಡಿ. ಹಸಿರು ಬೆಲ್ಟಿನವರ ನಿಲುವು ಬಿಳಿ ಬೆಲ್ಟಿನವರಿಗಿಂತ ಗಟ್ಟಿ ಇದೆಯಾ ಅಂತ ನೋಡಿದ್ರೆ ಸಾಕು.

ಹೆಸರಿನ ಬಗ್ಗೆ ಒಂದು ತಮಾಷೆ. ನಮಗೆ 'ಕರ' ಅಂದ್ರೆ ಕೈ. ಜಪಾನಿಯಲ್ಲಿ 'ಕರ' ಅಂದ್ರೆ ಖಾಲಿ, 'ತೆ' ಅಂದ್ರೆ ಕೈ. ಅಚ್ಚಗನ್ನಡದಲ್ಲಿ ಹೇಳಬೇಕಂದ್ರೆ ಬರಿಗೈ. ಮೊದಲು ಇದನ್ನ 'ಚೀನಾದ ಕೈ' ಅನ್ನೋ ಅರ್ಥದ ಅಕ್ಷರದಲ್ಲಿ ಬರೀತಿದ್ರು, ಉಚ್ಚಾರ ಅದೇ ಇಟ್ಕೊಂಡು ಅಕ್ಷರ ಮಾತ್ರ ಆಮೇಲೆ ಬದಲಾಯಿಸಿದರು.

ಈಗ ಮೂರನೇ ಪ್ರಶ್ನೆ.

ಹೊಳೆಹೊನ್ನೂರಿನಂಥ ಊರಲ್ಲಿ ಕರಾಟೆ ಕ್ಲಾಸಿಗೂ ಒಂದು ಪಂಚಾಂಗ ಇರತ್ತೆ. ಏಪ್ರಿಲ್ ರಜೆಯಲ್ಲಿ ಸ್ಕೂಲ್ ಗ್ರೌಂಡ್ ತುಂಬ ಮಕ್ಕಳು, ಹೊಸ ಯೂನಿಫಾರ್ಮಿನ ಗಂಜಿ ವಾಸನೆ. ಜೂನಲ್ಲಿ ಮಳೆ ಹಿಡಿದ್ರೆ ಕಾಲು ಭಾಗ ಖಾಲಿ. ಭದ್ರಾ ಹೊಳೆ ಕಡೆಯಿಂದ ಚಳಿಗಾಳಿ ಬರೋ ಬೆಳಿಗ್ಗೆಗಳಲ್ಲಿ ಇನ್ನಷ್ಟು ಜನ ಮಾಯ. ಅಡಿಕೆ ಕೊಯ್ಲು ಶುರುವಾದ್ರೆ ತೋಟ ಇರೋ ಮನೆ ಮಕ್ಕಳು ಬರಲ್ಲ, ಅದು ನ್ಯಾಯವಾದ ಕಾರಣ. ಎಸ್ಸೆಲ್ಸಿ ವರ್ಷ ಬಂದ್ರೆ ಮುಗೀತು. ಏಪ್ರಿಲಲ್ಲಿ ಬಂದವರಿಗೆ ಮೋಟಿವೇಷನ್ ಇರಲಿಲ್ವಾ? ಭರ್ತಿ ಇತ್ತು. ಸಿನಿಮಾ ನೋಡಿ ಬಂದವರು, ರೀಲ್ಸ್ ನೋಡಿ ಬಂದವರು. ನಮ್ಮಪ್ಪನ ಕಾಲದಲ್ಲಿ ಕರಾಟೆ ಕಿಂಗ್ ಶಂಕರ್‌ನಾಗ್ ನೋಡಿ ಬರ್ತಿದ್ರಂತೆ. ಬರೋದಕ್ಕೆ ಮೋಟಿವೇಷನ್ ಸಾಕು. ಉಳಿಯೋದಕ್ಕೆ ಅದರಿಂದ ಏನೂ ಉಪಯೋಗ ಇಲ್ಲ. ಅದು ಬೆಂಕಿಕಡ್ಡಿ ಥರ. ಒಲೆ ಹಚ್ಚೋಕೆ ಬೇಕು, ಅದರಲ್ಲೇ ಅನ್ನ ಬೇಯಿಸ್ತೀನಿ ಅಂದ್ರೆ ಆಗಲ್ಲ.

ಉಳಿದವರು ಹೇಗೆ ಉಳೀತಾರೆ ಅಂತ ಗಮನಿಸಿದ್ರೆ ಗುಟ್ಟು ಇರೋದು ಎಣಿಕೆಯಲ್ಲಿ. ಹತ್ತು ಜನ ಸಾಲಾಗಿ ನಿಲ್ತೀವಿ. ಮೊದಲನೆಯವರು ಇಚಿ, ನಿ, ಸಾನ್ ಅಂತ ಹತ್ತರವರೆಗೆ ಎಣಿಸ್ತಾರೆ, ಒಂದು ಎಣಿಕೆಗೆ ಎಲ್ಲರದ್ದೂ ಒಂದು ಪಂಚ್. ಆಮೇಲೆ ಪಕ್ಕದವರು ಹತ್ತು. ಹೀಗೆ ಸಾಲು ಮುಗಿಯೋ ಹೊತ್ತಿಗೆ ನೂರು. ನನ್ನ ಪಾಲಿಗೆ ನಾನು ಎಣಿಸಬೇಕಾದ್ದು ಹತ್ತೇ, ಉಳಿದ ತೊಂಬತ್ತು ಬೇರೆಯವರ ಜವಾಬ್ದಾರಿ. ಕೈ ಸೋತು ಬರ್ತಿರೋವಾಗ ಪಕ್ಕದಲ್ಲಿ ಏಳನೇ ಕ್ಲಾಸಿನ ಹುಡುಗ 'ಶಿಚಿ' ಅಂತ ಕಿರುಚಿದ್ರೆ ಕೈ ತಾನಾಗೇ ಮುಂದೆ ಹೋಗತ್ತೆ. ಅಲ್ಲಿ ನಿಮ್ಮ ಮೂಡ್ ಹೇಗಿದೆ ಅಂತ ಯಾರೂ ಕೇಳಲ್ಲ. ನಿರ್ಧಾರ ಮಾಡೋ ಕೆಲಸ ನಿಮ್ಮ ಹತ್ತಿರ ಇಲ್ಲವೇ ಇಲ್ಲ.

ಇದು ಆಕಸ್ಮಿಕ ಅಲ್ಲ ಅನ್ಸತ್ತೆ ನನಗೆ. 1900ರ ನಂತರದ ದಶಕದಲ್ಲಿ ಆಂಕೋ ಇತೊಸು ಅನ್ನೋ ಗುರುಗಳು ಒಕಿನಾವಾದ ಶಾಲೆಗಳಿಗೆ ಕರಾಟೆ ತಂದರು. ಅದುವರೆಗೆ ಕದ್ದುಮುಚ್ಚಿ ಒಬ್ಬರಿಬ್ಬರಿಗೆ ಹೇಳಿಕೊಡ್ತಿದ್ದ ವಿದ್ಯೆ. ಅದನ್ನ ಸಾಲಾಗಿ ನಿಂತ ಮಕ್ಕಳಿಗೆ ಕಲಿಸಬೇಕು ಅಂದಾಗ ಐದು ಚಿಕ್ಕ ಕಟಾಗಳನ್ನ ಸಿದ್ಧ ಮಾಡಿದರು. ಕಟಾ ಅಂದ್ರೆ ಎದುರಾಳಿ ಇದ್ದಾನೆ ಅಂದ್ಕೊಂಡು ಒಬ್ಬರೇ ಮಾಡೋ ಚಲನೆಗಳ ಗೊತ್ತಾದ ಸಾಲು. ಆ ಐದಕ್ಕೆ 'ಪಿನಾನ್' ಅಂತ ಹೆಸರು, ಫುನಾಕೋಶಿ ಅದನ್ನ 'ಹೇಯಾನ್' ಮಾಡಿದರು. ಅವರೂ ಸ್ಕೂಲ್ ಮೇಷ್ಟ್ರೇ. ಅಂದ್ರೆ ಇವತ್ತಿನ ನಮ್ಮ ಕರಾಟೆಯ ಆಕಾರ ಬಂದಿದ್ದು ಯುದ್ಧಭೂಮಿಯಿಂದ ಅಲ್ಲ, ಬೆಳಿಗ್ಗೆ ನಿದ್ದೆಗಣ್ಣಲ್ಲಿ ನಿಂತ ಸ್ಕೂಲ್ ಮಕ್ಕಳಿಂದ. ಮೂಡ್ ಇಲ್ಲದವರಿಗಾಗಿಯೇ ಮಾಡಿದ ಸಿಲೆಬಸ್ ಅದು.

ಹಳೇ ಕಾಲದ ಪದ್ಧತಿ ಇನ್ನೂ ಕಠಿಣ, ಒಂದು ಕಟಾಗೆ ಮೂರು ವರ್ಷ. ಫುನಾಕೋಶಿ 'ತೆಕ್ಕಿ' ಅನ್ನೋ ಮೂರು ಕಟಾಗಳಿಗೇ ಹತ್ತು ವರ್ಷ ಕೊಟ್ಟಿದ್ದರು. ನಾವು ಒಂದು ಸೆಮ್‌ನಲ್ಲಿ ಐದು ಸಬ್ಜೆಕ್ಟ್ ಮುಗಿಸಿ, ಮುಂದಿನ ಸೆಮ್ ಹೊತ್ತಿಗೆ ಐದನ್ನೂ ಮರೀತೀವಿ. ಎರಡರಲ್ಲಿ ಯಾವುದು ವೇಗ ಅಂತ ನೀವೇ ಹೇಳಿ.

ಈ ಎಣಿಕೆಯನ್ನ ಓದಿಗೂ ತರಬಹುದು. ಮ್ಯಾಥ್ಸ್ ಪರೀಕ್ಷೆಗೆ ಮುಂಚೆ ನಾಲ್ಕು ಜನ ಕೂತು, ಒಬ್ಬೊಬ್ಬರು ಐದೈದು ಲೆಕ್ಕ ಓದಿ ಹೇಳೋದು, ಎಲ್ಲರೂ ಮಾಡೋದು. ಇಪ್ಪತ್ತು ಲೆಕ್ಕ ಆಯ್ತು, ಆರಿಸಿದ್ದು ಐದೇ. ಒಬ್ಬರೇ ಕೂತ್ರೆ ಪ್ರತಿ ಲೆಕ್ಕಕ್ಕೂ ಮುಂಚೆ 'ಈಗ ಮಾಡ್ಲಾ, ಆಮೇಲೆ ಮಾಡ್ಲಾ' ಅನ್ನೋ ಚರ್ಚೆ ನಡೆಯತ್ತೆ, ಸುಸ್ತಾಗೋದು ಆ ಚರ್ಚೆಯಿಂದ. ಆದ್ರೆ 'ಕರಾಟೆ ಕಲಿತರೆ ಏಕಾಗ್ರತೆ ಬರತ್ತೆ, ಮಾರ್ಕ್ಸ್ ಜಾಸ್ತಿ ಆಗತ್ತೆ' ಅಂತ ಬ್ಯಾನರ್ ಹಾಕ್ತಾರಲ್ಲ, ಅದನ್ನ ನಾನು ಒಪ್ಪಲ್ಲ. ಮಾರ್ಕ್ಸ್ ಬರೋದು ಓದಿದ್ರೆ. ಕರಾಟೆಯಿಂದ ಬರೋದು ಕರಾಟೆ.

ಇನ್ನೊಂದು ವಿಷಯವನ್ನ ಬ್ಯಾನರಿನವರು ಹೇಳಲ್ಲ. ಸರ್ಕಾರಿ ಶಾಲೆಗಳಲ್ಲಿ ಆರನೇ ಕ್ಲಾಸಿಂದ ಮೇಲಿನ ಹುಡುಗೀರಿಗೆ ರಾಣಿ ಲಕ್ಷ್ಮೀಬಾಯಿ ಹೆಸರಿನ ಆತ್ಮರಕ್ಷಣೆ ತರಬೇತಿ ಯೋಜನೆ ಇದೆ. ಒಂದು ಶಾಲೆಗೆ ತಿಂಗಳಿಗೆ 5000 ರೂಪಾಯಿ, ಮೂರು ತಿಂಗಳು. ನಮ್ಮ ರಾಜ್ಯದಲ್ಲಿ ಹಾಸ್ಟೆಲ್ ಹುಡುಗೀರಿಗೆ ಓಬವ್ವನ ಹೆಸರಲ್ಲೂ ತರಬೇತಿ ಶುರು ಮಾಡಿದ್ರು. ಇದು ಇರೋದು ಒಳ್ಳೇದೇ. ಆದ್ರೆ ಮೂರು ತಿಂಗಳಲ್ಲಿ ಯಾರೂ ತನಗಿಂತ ಇಪ್ಪತ್ತು ಕಿಲೋ ಜಾಸ್ತಿ ತೂಕದವನನ್ನ ಹೊಡೆದು ಬೀಳಿಸೋಕೆ ಆಗಲ್ಲ, ಆಗತ್ತೆ ಅಂತ ಸ್ಟೇಜ್ ಮೇಲೆ ಹೆಂಚು ಒಡೆಸಿ ನಂಬಿಸೋದು ಅಪಾಯ. ಕೊನೇ ಬಸ್ಸಲ್ಲಿ ಹಿಂದಿನ ಸೀಟಿಂದ ಯಾರೋ ಕೈ ಹಾಕಿದ ಹೊತ್ತಲ್ಲಿ ಆ ಹೆಂಚು ನೆನಪಿಗೆ ಬಂದ್ರೆ ಏನು ಪ್ರಯೋಜನ?

ಮೂರು ತಿಂಗಳಲ್ಲಿ ನಿಜವಾಗಿ ಬರೋದು ಬೇರೆ ಎರಡು. ಒಂದು ದನಿ. ಕರಾಟೆಯಲ್ಲಿ ಹೊಡೆಯೋವಾಗ ಹೊಟ್ಟೆಯಿಂದ ಕೂಗೋದಕ್ಕೆ 'ಕಿಯಾಯ್' ಅಂತಾರೆ. ಮೊದಲ ವಾರ ಹುಡುಗೀರು ಅದನ್ನ ಪಿಸುಮಾತಲ್ಲಿ ಹೇಳ್ತಾರೆ, ಯಾಕಂದ್ರೆ ಹುಟ್ಟಿದಾಗಿಂದ 'ಮೆತ್ತಗೆ ಮಾತಾಡೇ' ಅಂತಲೇ ಕೇಳಿರ್ತಾರೆ. ತಿಂಗಳಾಗೋ ಹೊತ್ತಿಗೆ ಗ್ರೌಂಡಿನ ಆಚೆ ರಸ್ತೆಯಲ್ಲಿ ಹೋಗೋರು ತಿರುಗಿ ನೋಡ್ತಾರೆ. ಬಸ್ಸಲ್ಲಿ ಕೆಲಸಕ್ಕೆ ಬರೋದು ಆ ದನಿ. ಎರಡನೆಯದು ಅಂತರ. ಯಾರು ಎಷ್ಟು ಹತ್ತಿರ ಬಂದ್ರೆ ಅವರ ಕೈ ನಮಗೆ ತಾಗತ್ತೆ ಅನ್ನೋದು ಕಣ್ಣಿಗೆ ಅಭ್ಯಾಸ ಆಗತ್ತೆ. ಅದಕ್ಕೆ ಮುಂಚೆ ಒಂದು ಹೆಜ್ಜೆ ಹಿಂದೆ ಸರಿಯೋದು, ಓಡೋಕೆ ದಾರಿ ಇದ್ರೆ ಓಡೋದು. ಓಡೋದು ಸೋಲು ಅಂತ ಕಲಿಸೋ ಮಾಸ್ಟ್ರು ಸಿಕ್ಕಿದ್ರೆ ಅಲ್ಲಿಂದಲೂ ಓಡಿ. ಕರಾಟೆಯಲ್ಲಿ ಮೊದಲ ಏಟು ನಮ್ಮದಲ್ಲ ಅನ್ನೋದನ್ನ ಫುನಾಕೋಶಿ ತಮ್ಮ ಇಪ್ಪತ್ತು ಸೂತ್ರಗಳಲ್ಲಿ ಸೇರಿಸಿದ್ದು ಸುಮ್ಮನೆ ಅಲ್ಲ.

ಬೇಜಾರಿನ ವಿಷಯ ಅಂದ್ರೆ ಆರು, ಏಳನೇ ಕ್ಲಾಸಲ್ಲಿ ಹುಡುಗೀರೇ ಚೆನ್ನಾಗಿ ಕಟಾ ಮಾಡ್ತಾರೆ, ಹೈಸ್ಕೂಲ್ ಮುಗಿಯೋ ಹೊತ್ತಿಗೆ ಒಬ್ಬೊಬ್ಬರೇ ಬಿಡ್ತಾರೆ. 'ಕೈಕಾಲು ಮುರ್ಕೊಂಡ್ರೆ ಯಾರು ನೋಡ್ಕೋತಾರೆ' ಅಂತ ಮನೆಯಲ್ಲಿ ಹೇಳ್ತಾರೆ. ಅದೇ ಮಾತು ಅಣ್ಣತಮ್ಮಂದಿರು ಕಬಡ್ಡಿಗೆ ಹೋಗೋವಾಗ ಯಾರ ಬಾಯಲ್ಲೂ ಬರಲ್ಲ. ಅವರಿಗೆ ಮೋಟಿವೇಷನ್ ಕಮ್ಮಿ ಆಗಿ ಬಿಟ್ಟಿದ್ದಲ್ಲ, ಸಂಜೆ ಆರು ಗಂಟೆಯ ಕ್ಲಾಸನ್ನ ಯಾರೂ ನಾಲ್ಕೂವರೆಗೆ ಬದಲಾಯಿಸಲಿಲ್ಲ, ಅಷ್ಟೇ. ನಮ್ಮ ಕ್ಯಾಂಪಸ್ಸಲ್ಲಿ ಯಾರಾದ್ರೂ ಕ್ಲಾಸ್ ಶುರು ಮಾಡಿದ್ರೆ ಮೊದಲು ಕೇಳಬೇಕಾದ್ದು ಲೇಡೀಸ್ ಹಾಸ್ಟೆಲ್ ಗೇಟ್ ಎಷ್ಟು ಹೊತ್ತಿಗೆ ಹಾಕ್ತಾರೆ ಅಂತ.

ಶುರು ಮಾಡೋರಿಗೆ ಮೊದಲ ತಿಂಗಳ ಪಾಠ ಇಷ್ಟೇ ಸಾಕು. ಹಾಸ್ಟೆಲ್ ಟೆರೇಸ್ ಆದ್ರೂ ಪರವಾಗಿಲ್ಲ, ಆದ್ರೆ ಒಬ್ಬರೇ ಬೇಡ, ಎಣಿಸೋಕೆ ಇನ್ನೊಬ್ಬರು ಬೇಕು. ನಿಲುವಿನ ಹೆಸರು 'ಝೆನ್‌ಕುತ್ಸು ದಾಚಿ'. ಒಂದು ಕಾಲು ಮುಂದೆ, ಮೊಣಕಾಲು ಬಗ್ಗಿಸಿ. ಹಿಂದಿನ ಕಾಲು ನೇರ, ಹಿಮ್ಮಡಿ ನೆಲಕ್ಕೆ. ಎರಡು ಪಾದ ಒಂದೇ ಗೆರೆ ಮೇಲೆ ಬೇಡ, ಸೊಂಟದಷ್ಟು ಅಗಲ ಬಿಡಿ, ಇಲ್ಲಾಂದ್ರೆ ಪಕ್ಕಕ್ಕೆ ತಳ್ಳಿದ್ರೆ ಬೀಳ್ತೀರಿ. ಪಂಚ್ ಕೈಯಿಂದ ಶುರು ಆಗಲ್ಲ, ಹಿಂದಿನ ಹಿಮ್ಮಡಿಯಿಂದ ಶುರು ಆಗತ್ತೆ. ಹಿಮ್ಮಡಿ ನೆಲ ಒತ್ತಬೇಕು, ಸೊಂಟ ತಿರುಗಬೇಕು, ಭುಜ ಅದರ ಹಿಂದೆ, ಕೈ ಕೊನೆಗೆ. ಮೊಣಕೈಯನ್ನ ಪೂರ್ತಿ ನೇರ ಮಾಡಿ ಜಗ್ಗಬೇಡಿ. ಆ 1979ರ ಅಳತೆಯಲ್ಲಿ ಕೈಯ ವೇಗ ಅತಿ ಹೆಚ್ಚು ಇದ್ದಿದ್ದು ಕೈ ಮುಕ್ಕಾಲು ಚಾಚಿದಾಗ, ಪೂರ್ತಿ ಚಾಚಿದಾಗ ಅಲ್ಲ. ದಿನಕ್ಕೆ ನೂರು, ಹತ್ತತ್ತರ ಎಣಿಕೆಯಲ್ಲಿ. ಹತ್ತು ನಿಮಿಷ ಆಗತ್ತೆ.

ಎರಡು ವಾರ ಆದ್ಮೇಲೆ ಹೇಯಾನ್ ಶೋದಾನ್ ಕಟಾ ಶುರು ಮಾಡಿ. ಒಟ್ಟು 21 ಚಲನೆ. ನಡೆಯೋ ದಾರಿಯನ್ನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದರೆ ಸಿವಿಲ್‌ನವರ ಐ-ಸೆಕ್ಷನ್ ಬೀಮಿನ ಆಕಾರ. ಎಡಕ್ಕೆ ತಿರುಗಿ ಕೆಳಗಿನ ತಡೆ, ಒಂದು ಹೆಜ್ಜೆ ಮುಂದೆ ಪಂಚ್, ಅಲ್ಲಿಂದ 180 ಡಿಗ್ರಿ. ಕೂಗೋದು ಎರಡೇ ಕಡೆ, ಒಂಬತ್ತನೇ ಮತ್ತು ಹದಿನೇಳನೇ ಚಲನೆಯಲ್ಲಿ. ಹೊಸಬರು ಎಡವೋದು 270 ಡಿಗ್ರಿ ತಿರುಗೋ ಎರಡು ಜಾಗದಲ್ಲಿ. ಅಲ್ಲಿ ಮೊದಲು ತಲೆ ತಿರುಗಿಸಿ, ಹೋಗಬೇಕಾದ ದಿಕ್ಕು ನೋಡಿ, ಆಮೇಲೆ ಹಿಂದಿನ ಕಾಲು ಎತ್ತಿ. ತಿರುಗಿ ನಿಂತ ಮೇಲೆ ಮುಂದಿನ ಮೊಣಕಾಲು ಪಾದದ ಬೆರಳುಗಳ ನೇರಕ್ಕೇ ಇರಬೇಕು. ಒಳಗೆ ವಾಲ್ತಾ ಇದ್ರೆ ನಿಲುವು ಜಾಸ್ತಿ ತಗ್ಗಿದೆ ಅಂತ ಅರ್ಥ. ಎರಡು ಇಂಚು ಮೇಲೆ ಬನ್ನಿ, ಮೊಣಕಾಲು ನೋವು ಶುರುವಾದ್ರೆ ಆವತ್ತಿಗೆ ಕಟಾ ನಿಲ್ಲಿಸಿ, ಎಣಿಸೋ ಕೆಲಸ ನೀವು ತಗೊಳ್ಳಿ.